ಬಾಳ್ಗೞ್ಚು: ಕನ್ನಡನಾಡಿನ ಕತ್ತಿಯೂ ಜಪಾನದ ಕತ್ತಿಯೂ

೧

ಗದಗ ಜಿಲ್ಲೆಯ ಮುಂಡರಗಿ ತಾಲೂಕಿನಲ್ಲಿ ಕಪ್ಪತಗುಡ್ಡದ ಮಗ್ಗುಲಿಗೆ ಡೋಣಿ ಎಂಬ ಗ್ರಾಮವಿರುವದು. ಶಾಸನಗಳ ಅಭ್ಯಾಸಿಗಳು ಈ ಊರನ್ನು ಯಾಪನೀಯ ಸಂಘದ ವೃಕ್ಷಮೂಲಗಣದ ಚಾರುಕೀರ್ತಿ ಪಂಡಿತನಿಗೆ ತೋಟವೊಂದನ್ನು ದತ್ತಿಯಾಗಿ ಬಿಟ್ಟ ಶಾಸನದಿಂದ ಬಲ್ಲರು. ಭೂಗರ್ಭಶಾಸ್ತ್ರದ ಅಭ್ಯಾಸಿಗಳಿಗೆ ಇದೇ ಹೆಸರು ಬೇರೆ ಕಾರಣದಿಂದ ಪರಿಚಿತವಾಗಿದೆ. ರಾಬರ್ಟ್ ಬ್ರೂಸ್ ಫೂಟ್ ಎಂಬ ಪಂಡಿತನು ೧೮೭೪ರಲ್ಲಿ ಡಂಬಳದ ಗುಡ್ಡಗಳ ಸುವರ್ಣಶಿಲೆಗಳನ್ನು ಕುರಿತು ಬರೆದಾಗ ಇಲ್ಲಿಯ ಶಿಲಾಸ್ತರಗಳನ್ನು ಗುಂಪುಗುಂಪಾಗಿ ವಿಂಗಡಿಸಿ, ಅವುಗಳಲ್ಲೊಂದಕ್ಕೆ ಡೋಣಿಯ ಹೆಸರನ್ನೇ ಇಟ್ಟನು. ಕಬ್ಬಿಣದ ಅದಿರು ಈ ಗುಡ್ಡದ ಒಡಲಲ್ಲಿ ಧಾರಾಳವಾಗಿದೆ. ಅದಿರಿದ್ದಲ್ಲಿ ಕಂಬಾರನೂ, ಕಂಬಾರನಿದ್ದಲ್ಲಿ ನೇಗಿಲ ಕುಳವೂ ಕತ್ತಿಯೂ ಇರುವದು ಲೋಕದ ರೂಢಿಯು.

ಈ ಸೀಮೆಯ ಶಾಲೆಗಳಲ್ಲಿ ಓದುವ ಹುಡುಗರು ಇಂದು ಕತ್ತಿಯೆಂದ ಕೂಡಲೆ ನೆನೆಯುವದು ಜಪಾನದ ಕತ್ತಿಯನ್ನು. ಮಾಂಗಾ ಎಂಬ ಚಿತ್ರಕಥೆಗಳೂ ಆನಿಮೆ ಎಂಬ ಚಲಿಸುವ ಚಿತ್ರಗಳೂ ಅಂಗೈಯ ದೂರವಾಣಿಯ ಮೂಲಕ ಹಳ್ಳಿಹಳ್ಳಿಯನ್ನು ಮುಟ್ಟಿವೆ. ಕತಾನಾ ಎಂದರೇನು, ಅದರ ಅಲಗಿನ ಮೇಲಿನ ಅಲೆಯಂಥ ಗೆರೆ ಯಾವದು, ಯಾವ ವೀರನ ಕತ್ತಿಗೆ ಯಾವ ಹೆಸರು ಎಂಬದನ್ನು ಆ ಹುಡುಗರು ತಡವರಿಸದೆ ಹೇಳಬಲ್ಲರು. ಆದರೆ ಊರ ಹೊರಗಿನ ಹನುಮಪ್ಪನ ಗುಡಿಯ ಬಳಿಯಲ್ಲೋ ಕೆರೆಯ ಏರಿಯ ಮೇಲೋ ಕತ್ತಿ ಹಿರಿದು ನಿಂತ ವೀರಗಲ್ಲಿನ ಪುರುಷನು ಯಾರು, ಅವನ ಕೈಯಲ್ಲಿರುವ ಆಯುಧಕ್ಕೆ ಹಳಗನ್ನಡದಲ್ಲಿ ಏನೆನ್ನುವರು ಎಂದು ಕೇಳಿದರೆ ಉತ್ತರ ಬರುವದಿಲ್ಲ. ಇದು ಹುಡುಗರ ತಪ್ಪಲ್ಲ. ಅವರಿಗೆ ಹೇಳಬೇಕಾದವರು ನಾವು ಹೇಳಿಲ್ಲ. ಜಪಾನದ ಕತ್ತಿಯ ನಿಜವಾದ ಇತಿಹಾಸವೇನು, ಚಿತ್ರಕಥೆಗಳು ಅದನ್ನು ಹೇಗೆ ಮಾರ್ಪಡಿಸಿವೆ, ನಮ್ಮ ನಾಡಿನ ಕತ್ತಿಯ ಸಂಗತಿಯು ಎಲ್ಲಿ ಉಳಿದಿದೆ, ಎರಡನ್ನೂ ಕೂಡಿಸಿ ನೋಡುವದರಿಂದ ಸಾಹಿತ್ಯದ ಅಧ್ಯಾಪಕನಿಗೆ ಆಗುವ ಪ್ರಯೋಜನವೇನು ಎಂಬಿಷ್ಟನ್ನು ಈ ಲೇಖದಲ್ಲಿ ವಿಚಾರಿಸುವೆನು.

೨

ಮೊದಲು ಶಬ್ದವನ್ನು ನೋಡೋಣ. ಕತ್ತಿ, ಅಲಗು, ಕೈದು, ಸುರಗಿ, ಖಂಡೆಯ, ಕರವಾಳ ಮುಂತಾಗಿ ನಮ್ಮಲ್ಲಿ ಹೆಸರುಗಳು ಬಹಳ. ಇವುಗಳಲ್ಲಿ ಅಚ್ಚಗನ್ನಡದ ಹಳೆಯ ಶಬ್ದವು ಬಾಳ್. ತಮಿಳಿನಲ್ಲಿ ಇದಕ್ಕೆ ಸಮನಾದದ್ದು ವಾಳ್. ಜೀವಿಸು ಎಂಬ ಅರ್ಥದ ಬಾಳ್ ಎಂಬ ಧಾತುವೂ ಇಂದಿನ ಕನ್ನಡದಲ್ಲಿ ಇದೇ ರೂಪದಲ್ಲಿರುವದರಿಂದ, ಕತ್ತಿಯೇ ಬಾಳು ಎಂದು ನಂಬಿದ ಜನರ ಭಾಷೆ ಇದೆಂದು ಚಮತ್ಕಾರವಾಗಿ ಹೇಳುವವರುಂಟು. ಆ ಮಾತು ಕೇಳಲು ಇಂಪಾಗಿದ್ದರೂ ಶಾಸ್ತ್ರಕ್ಕೆ ಒಪ್ಪುವದಿಲ್ಲ. ಜೀವಿಸು ಎಂಬರ್ಥದ ಹಳಗನ್ನಡ ರೂಪವು ಬಾೞ್, ಅಂದರೆ ರೞಾಕ್ಷರದಿಂದ ಕೂಡಿದ್ದು. ಆಯುಧವಾಚಕವು ಬಾಳ್, ಅಂದರೆ ಳಕಾರಾಂತವಾದದ್ದು. ತಮಿಳು ಈ ಭೇದವನ್ನು ಇಂದಿಗೂ ಕಾಯ್ದುಕೊಂಡಿದೆ. ಕನ್ನಡದಲ್ಲಿ ಆ ಅಕ್ಷರವು ಹತ್ತನೆಯ ಶತಮಾನದ ಸುಮಾರಿಗೇ ಸಡಿಲಗೊಳ್ಳುತ್ತ ಬಂದು, ಸ್ವರದ ಮುಂದೆ ಳಕಾರದಲ್ಲಿಯೂ ಒತ್ತಕ್ಷರದಲ್ಲಿ ರೇಫೆಯಲ್ಲಿಯೂ ಸೇರಿಹೋಯಿತು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಇಂಥ ಶಬ್ದಗಳನ್ನು ಪಟ್ಟಿಮಾಡಿ ಕಲಿಸಬೇಕಾಯಿತೆಂದರೆ, ಆಗಲೇ ಬರೆಯುವವರಲ್ಲಿ ಗೊಂದಲವಿತ್ತೆಂದು ತಿಳಿಯಬೇಕು. ಕತ್ತಿಯೂ ಬದುಕೂ ಕನ್ನಡದಲ್ಲಿ ಒಂದೇ ಮಾತಾದದ್ದು ಒಂದು ಅಕ್ಷರವು ಸತ್ತದ್ದರಿಂದಲೇ ಹೊರತು ನಮ್ಮ ಹಿರಿಯರ ತತ್ತ್ವದಿಂದಲ್ಲ.

ಆ ಸತ್ತ ಅಕ್ಷರವೇ ನಮ್ಮನ್ನು ಮುಖ್ಯವಾದ ಸಾಕ್ಷ್ಯಕ್ಕೆ ಕರೆದೊಯ್ಯುವದು. ಹಾಸನ ಜಿಲ್ಲೆಯ ಬೇಲೂರು ತಾಲೂಕಿನ ಹಲ್ಮಿಡಿಯ ಶಾಸನವನ್ನು ಡಾಕ್ಟರ್ ಎಂ. ಎಚ್. ಕೃಷ್ಣ ಅವರು ೧೯೩೬ರಲ್ಲಿ ಬೆಳಕಿಗೆ ತಂದರು. ಕದಂಬ ಕಾಕುಸ್ಥನ ಹೆಸರುಳ್ಳ ಆ ಲೇಖವನ್ನು ಸಾಮಾನ್ಯವಾಗಿ ಕ್ರಿ. ಶ. ೪೫೦ರ ಸುಮಾರಿನದೆಂದು ಎಣಿಸುವರು. ಅದಕ್ಕಿಂತ ಕೆಲಮಟ್ಟಿಗೆ ಈಚಿನದೆನ್ನುವ ವಿದ್ವಾಂಸರೂ ಇದ್ದಾರೆ. ಕನ್ನಡದ ಅತಿ ಪ್ರಾಚೀನ ಲೇಖಗಳಲ್ಲಿ ಇದೊಂದೆಂಬದರಲ್ಲಿ ವಿವಾದವಿಲ್ಲ. ಯುದ್ಧದಲ್ಲಿ ಪರಾಕ್ರಮವನ್ನು ತೋರಿದ ವಿಜಅರಸನೆಂಬವನಿಗೆ ಪಲ್ಮಡಿ, ಮೂೞಿವಳ್ಳಿ ಎಂಬ ಎರಡು ಊರುಗಳನ್ನು ಕೊಟ್ಟದ್ದೇ ಅದರ ವಿಷಯವು. ಆ ದಾನಕ್ಕೆ ಶಾಸನವು ಕೊಡುವ ಹೆಸರು ಬಾಳ್ಗೞ್ಚು. ಬಾಳ್ ಎಂದರೆ ಕತ್ತಿ, ಕೞ್ಚು ಎಂದರೆ ತೊಳೆ. ಕತ್ತಿಯನ್ನು ತೊಳೆದು ಕೊಡುವ ಕೊಡುಗೆಯೆಂದು ಅರ್ಥ. ಕನ್ನಡದ ಮೊದಲ ಮಾತುಗಳನ್ನು ಹುಡುಕಿಕೊಂಡು ಹೋದವನು ಅಲ್ಲಿ ಕಾಣುವದು ನೆತ್ತರನ್ನು ತೊಳೆಸಿಕೊಳ್ಳುತ್ತಿರುವ ಒಂದು ಕತ್ತಿಯನ್ನು.

ಕೞ್ಚು ಎಂಬ ಧಾತುವು ಮುಂದೆ ಕರ್ಚು ಎಂದಾಗಿ ಶಾಸನಗಳಲ್ಲಿ ಸಾವಿರಾರು ಸಲ ಬಂದಿದೆ. ಚಾಲುಕ್ಯರ ಕಾಲದ ದಾನಶಾಸನಗಳಲ್ಲಿ ಗುರುವಿನ ಕಾಲಂ ಕರ್ಚಿ, ನೀರೆರೆದು ಭೂಮಿಯನ್ನು ಕೊಡುವ ಒಕ್ಕಣೆಯನ್ನು ಅಧ್ಯಾಪಕರೆಲ್ಲರೂ ಬಲ್ಲರು. ಮುನಿಗೆ ಕೊಡುವಾಗ ಕಾಲನ್ನು ತೊಳೆಯುವರು, ವೀರನಿಗೆ ಕೊಡುವಾಗ ಕತ್ತಿಯನ್ನು ತೊಳೆಯುವರು. ಎರಡಕ್ಕೂ ಕ್ರಿಯಾಪದವು ಒಂದೇ. ಇದರ ಮೇಲಿಂದ, ದಾನಕ್ಕೆ ಪಾತ್ರವಾದ ಅಂಗವು ಯತಿಯಲ್ಲಿ ಪಾದವೆಂದೂ ಭಟನಲ್ಲಿ ಬಾಳೆಂದೂ ಆ ಕಾಲದವರು ಭಾವಿಸಿದ್ದರೆಂದು ನನಗೆ ತೋರುತ್ತದೆ. ಬಾಳ್ಗೞ್ಚು ಎಂಬದು ನಿಜವಾಗಿ ನಡೆದ ಒಂದು ವಿಧಿಯಾಗಿತ್ತೋ, ಕಾಲಾಂತರದಲ್ಲಿ ಬರಿಯ ಹೆಸರಾಗಿ ನಿಂತಿತೋ ಎಂಬದು ಬೇರೆ ಮಾತು. ಅದರ ಗೌರವವಂತೂ ಸ್ಪಷ್ಟವಾಗಿದೆ.

ಇದೇ ಕೊಡುಗೆಯು ಸುಮಾರು ಐದುನೂರು ವರ್ಷಗಳ ತರುವಾಯ, ೯೪೯ರ ಸುಮಾರಿನ ಆತಕೂರಿನ ಶಾಸನದಲ್ಲಿ ಮರಳಿ ಕಾಣಿಸಿಕೊಳ್ಳುವದು. ತಕ್ಕೋಲದ ಯುದ್ಧದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿದ್ದ ಗಂಗ ಇಮ್ಮಡಿ ಬೂತುಗನು ಚೋಳ ರಾಜಾದಿತ್ಯನನ್ನು ಕೊಂದನು. ಕೃಷ್ಣನು ಮೆಚ್ಚಿ ಬೂತುಗನಿಗೆ ಬನವಾಸಿ ಪನ್ನಿರ್ಚ್ಛಾಸಿರ, ಬೆಳ್ವೊಲ ಮೂನೂರು, ಪುಲಿಗೆರೆ ಮೂನೂರು ಮುಂತಾದ ನಾಡುಗಳನ್ನು ಕೊಟ್ಟನು. ಬೂತುಗನು ತನ್ನ ಭಟನಾದ ಮಣಲೆರನಿಗೆ ಆತಕೂರನ್ನೂ ಬೆಳ್ವೊಲದ ಒಂದೂರನ್ನೂ ಬಾಳ್ಗಚ್ಚಾಗಿ ಕೊಟ್ಟನು. ಬೆಳ್ವೊಲವೆಂದರೆ ಇಂದಿನ ಗದಗ, ಅಣ್ಣಿಗೇರಿಗಳ ಸೀಮೆ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ನಾವು ನಿಂತ ನೆಲವೇ ಒಂದು ಕಾಲಕ್ಕೆ ಕತ್ತಿ ತೊಳೆದ ನೀರಿನೊಡನೆ ಕೈಬದಲಾದ ನೆಲವು. ಹಲ್ಮಿಡಿಯಲ್ಲಿ ಕೞ್ಚು ಎಂದಿದ್ದದ್ದು ಇಲ್ಲಿ ಕಚ್ಚು ಎಂದಾಗಿರುವದನ್ನು ಓದುಗರು ಲಕ್ಷಿಸಬೇಕು. ಆಚಾರವು ಉಳಿದಿದೆ, ಅಕ್ಷರವು ಅಳಿದಿದೆ.

ಆತಕೂರಿನ ಕಲ್ಲಿನಲ್ಲಿ ಇನ್ನೊಂದು ವಿಶೇಷವುಂಟು. ಬೇಕಾದುದನ್ನು ಬೇಡಿಕೊಳ್ಳೆಂದು ಒಡೆಯನು ಹೇಳಿದಾಗ ಮಣಲೆರನು ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಆ ನಾಯಿಯು ಮುಂದೆ ಕಾಡುಹಂದಿಯೊಡನೆ ಹೋರಾಡಿ, ಎರಡೂ ಸತ್ತುವು. ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿರುವ ಆ ಕಲ್ಲಿನ ಮೇಲೆ ಕೆತ್ತಿರುವ ಚಿತ್ರವು ನಾಯಿ ಹಂದಿಗಳ ಕಾಳಗದ್ದೇ ಹೊರತು ತಕ್ಕೋಲದ ಯುದ್ಧದ್ದಲ್ಲ. ಕತ್ತಿಯನ್ನು ತೊಳೆಸಿಕೊಂಡ ಭಟನು ತನ್ನ ಕತ್ತಿಯನ್ನು ಚಿತ್ರಿಸಿಕೊಳ್ಳದೆ ತನ್ನ ನಾಯಿಯನ್ನು ಚಿತ್ರಿಸಿದನು.

೩

ಜಪಾನದ ಕಡೆಗೆ ತಿರುಗೋಣ. ಅಲ್ಲಿಯ ಪ್ರಾಚೀನ ಲೇಖಗಳಲ್ಲಿ ಅತ್ಯಂತ ಮಹತ್ತ್ವದ್ದಾದ ಒಂದು ಲೇಖವು ಕಲ್ಲಿನ ಮೇಲಿಲ್ಲ, ಕತ್ತಿಯ ಮೇಲೆಯೇ ಇದೆ. ಸೈತಾಮಾ ಪ್ರಾಂತದ ಇನಾರಿಯಾಮಾ ಎಂಬ ಸಮಾಧಿದಿಬ್ಬವನ್ನು ೧೯೬೮ರಲ್ಲಿ ಅಗೆದಾಗ ತುಕ್ಕು ಹಿಡಿದ ನೇರ ಕತ್ತಿಯೊಂದು ಸಿಕ್ಕಿತು. ಹತ್ತು ವರ್ಷಗಳ ತರುವಾಯ, ೧೯೭೮ರಲ್ಲಿ, ಕ್ಷಕಿರಣಗಳಿಂದ ಪರೀಕ್ಷಿಸಿದಾಗ ಚಿನ್ನದ ತಂತಿಯನ್ನು ಕೂಡಿಸಿ ಬರೆದ ೧೧೫ ಚೀನೀ ಅಕ್ಷರಗಳು ಅದರಲ್ಲಿ ಕಾಣಿಸಿದುವು. ವೊವಕೆ ಎಂಬವನು ತನ್ನ ವಂಶಾವಳಿಯನ್ನು ಹೇಳಿ, ತಮ್ಮ ಮನೆತನದವರು ತಲೆತಲಾಂತರದಿಂದ ಖಡ್ಗಧಾರಿಗಳ ಮುಖ್ಯರಾಗಿ ಅರಸನನ್ನು ಸೇವಿಸಿದರೆಂದೂ, ತಾನು ವಕತಕೆರು ಎಂಬ ಮಹಾರಾಜನ ಕಾಲದಲ್ಲಿ ಈ ಕತ್ತಿಯನ್ನು ಮಾಡಿಸಿದೆನೆಂದೂ ಬರೆಸಿದ್ದಾನೆ. ಅದರಲ್ಲಿಯ ಸಂವತ್ಸರವನ್ನು ಬಹುಮಂದಿ ವಿದ್ವಾಂಸರು ಕ್ರಿ. ಶ. ೪೭೧ ಎಂದು ನಿರ್ಣಯಿಸುವರು. ಹಲ್ಮಿಡಿಯ ಕಾಲವನ್ನು ೪೫೦ ಎಂದು ಹಿಡಿದರೆ ಇವೆರಡೂ ಒಂದೇ ತಲೆಮಾರಿನವು. ಒಬ್ಬರನ್ನೊಬ್ಬರು ಅರಿಯದ ಎರಡು ನಾಡುಗಳಲ್ಲಿ, ಬರವಣಿಗೆಯು ಮೊಳೆಯುತ್ತಿದ್ದ ಕಾಲಕ್ಕೆ, ಒಡೆಯನ ಸೇವೆಯೂ ಕತ್ತಿಯ ಮಾನವೂ ಹೀಗೆ ಒಟ್ಟಿಗೇ ಬರೆಯಲ್ಪಟ್ಟುವು.

ಜಪಾನದ ಪ್ರಸಿದ್ಧವಾದ ಬಾಗಿದ ಕತ್ತಿಯು ಹತ್ತನೆಯ ಶತಮಾನದ ಸುಮಾರಿನಲ್ಲಿ ರೂಪುಗೊಂಡಿತು. ಮೊದಲು ಅದು ಕುದುರೆಯ ಮೇಲಿನವನು ಅಲಗನ್ನು ಕೆಳಗೆ ಮಾಡಿ ಸೊಂಟಕ್ಕೆ ತೂಗುಹಾಕಿಕೊಳ್ಳುವ ತಾಚಿಯಾಗಿತ್ತು. ಹದಿನೈದನೆಯ ಶತಮಾನದ ಸುಮಾರಿಗೆ, ಅಲಗನ್ನು ಮೇಲೆ ಮಾಡಿ ನಡುಕಟ್ಟಿನಲ್ಲಿ ಸಿಕ್ಕಿಸಿಕೊಳ್ಳುವ ಕತಾನಾ ರೂಢಿಗೆ ಬಂದಿತು. ಆದರೆ ಆ ನಾಡಿನ ಯೋಧನ ಮುಖ್ಯ ಆಯುಧವು ಬಹುಕಾಲದ ವರೆಗೆ ಬಿಲ್ಲು. ಯೋಧಧರ್ಮಕ್ಕೆ ಅವರ ಹಳೆಯ ಹೆಸರು ಬಿಲ್ಲು ಕುದುರೆಗಳ ಮಾರ್ಗವೆಂದೇ ಇತ್ತು. ಹದಿನಾಲ್ಕನೆಯ ಶತಮಾನದ ಯೋಧರು ಪಾರಿತೋಷಕಕ್ಕಾಗಿ ಸಲ್ಲಿಸಿದ ಗಾಯಗಳ ವರದಿಗಳನ್ನು ಇತಿಹಾಸಕಾರರು ಎಣಿಸಿ ನೋಡಿದಾಗ ಬಾಣದ ಗಾಯಗಳೇ ಹೆಚ್ಚಾಗಿ ಕಂಡುವು. ತರುವಾಯ ಈಟಿಯೂ ೧೫೪೩ರ ಮುಂದೆ ಬಂದೂಕವೂ ರಣರಂಗವನ್ನು ಆಳಿದುವು. ಕತ್ತಿಯೇ ಸಾಮುರಾಯಿಯ ಆತ್ಮವೆಂಬ ಮಾತು ಬೇರೂರಿದ್ದು ಹದಿನೇಳನೆಯ ಶತಮಾನದಿಂದ ಈಚೆಗೆ, ಯುದ್ಧಗಳು ನಿಂತು ಕತ್ತಿಯು ಪದವಿಯ ಗುರುತಾಗಿ ಉಳಿದ ಶಾಂತಿಕಾಲದಲ್ಲಿ. ನಿತೋಬೆ ಇನಾಜೋ ಎಂಬ ಪಂಡಿತನು ೧೯೦೦ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟಿಸಿದ ಬುಷಿದೋ ಎಂಬ ಪುಸ್ತಕವು ಆ ಭಾವನೆಯನ್ನು ಲೋಕಕ್ಕೆಲ್ಲ ಹಬ್ಬಿಸಿತು. ಒಂದು ಆಯುಧದ ಮಹಿಮೆಯು ಅದರ ಉಪಯೋಗವು ಕಡಿಮೆಯಾದಂತೆ ಹೆಚ್ಚಿತೆಂಬದು ಇಲ್ಲಿಯ ಪಾಠವು.

೪

ಕತ್ತಿಯ ಲೋಹವನ್ನು ಕುರಿತು ಕೆಲವು ಮಾತು ಹೇಳಬೇಕು. ಜಪಾನದಲ್ಲಿ ಹೊಳೆಗಳ ಕಪ್ಪು ಮರಳಿನಲ್ಲಿಯ ಕಬ್ಬಿಣವನ್ನು ತತಾರಾ ಎಂಬ ಜೇಡಿಮಣ್ಣಿನ ಕುಲುಮೆಯಲ್ಲಿ ಇದ್ದಲಿಯೊಡನೆ ಮೂರು ಹಗಲು ಮೂರು ರಾತ್ರಿ ಕಾಸುವರು. ಈ ವಿದ್ಯೆಯು ಲುಪ್ತವಾಗುವದರಲ್ಲಿದ್ದಾಗ ಷಿಮಾನೆ ಪ್ರಾಂತದಲ್ಲಿ ೧೯೭೭ರಲ್ಲಿ ಒಂದು ತತಾರಾವನ್ನು ಮರಳಿ ಹೊತ್ತಿಸಿದರು. ಅಲ್ಲಿ ಒಂದು ಸಲಕ್ಕೆ ಸುಮಾರು ೧೦ ಟನ್ನು ಮರಳೂ ೧೨ ಟನ್ನು ಇದ್ದಲಿಯೂ ಬೇಕಾಗುವದು. ಬರುವ ಗಟ್ಟಿಯು ಸುಮಾರು ೨॥ ಟನ್ನು, ಅದರಲ್ಲಿ ಕತ್ತಿಗೆ ಯೋಗ್ಯವಾದ ತಮಹಗನೆ ಎಂಬ ಉಕ್ಕು ಇನ್ನೂ ಕಡಿಮೆ. ಕಂಬಾರನು ಅದನ್ನು ಕಾಸಿ, ಬಡಿದು, ಮಡಿಚಿ, ಮತ್ತೆ ಬಡಿದು ಹದಕ್ಕೆ ತರುವನು. ಕೊನೆಗೆ ಬೆನ್ನಿಗೆ ದಪ್ಪವಾಗಿಯೂ ಅಲಗಿಗೆ ತೆಳುವಾಗಿಯೂ ಮಣ್ಣನ್ನು ಮೆತ್ತಿ, ಕಾಸಿ, ನೀರಿನಲ್ಲಿ ಅದ್ದುವನು. ಬೇಗನೆ ತಣಿದ ಅಲಗು ಕಠಿಣವಾಗುವದು. ಮೆಲ್ಲನೆ ತಣಿದ ಬೆನ್ನು ಬಳುಕುವಂತೆ ಉಳಿಯುವದು. ಹುಡುಗರು ಚಿತ್ರಗಳಲ್ಲಿ ಕಾಣುವ ಅಲೆಯಂಥ ಗೆರೆಯು ಈ ಎರಡು ಹದಗಳ ಗಡಿಯೇ ಆಗಿದೆ.

ನಮ್ಮ ನಾಡಿನಲ್ಲಿಯೂ ಕಪ್ಪು ಮರಳಿನಿಂದ ಕಬ್ಬಿಣ ತೆಗೆಯುತ್ತಿದ್ದರು. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು, ಮಳೆಗಾಲದ ಹಳ್ಳಗಳಲ್ಲಿ ಕೂಡುವ ಕಪ್ಪು ಮರಳನ್ನು ಕಾಸುವ ಕುಲುಮೆಗಳನ್ನು ಕಂಡು ಬರೆದಿದ್ದಾನೆ. ಕಬ್ಬಿಣದ ತುಂಡುಗಳನ್ನು ಕಟ್ಟಿಗೆಯ ಚೂರುಗಳೊಡನೆ ಮಣ್ಣಿನ ಮೂಸೆಯಲ್ಲಿ ಇಟ್ಟು ಬಾಯಿ ಮುಚ್ಚಿ ಕರಗಿಸಿ ಉಕ್ಕು ಮಾಡುವ ಕ್ರಮವನ್ನೂ ವಿವರಿಸಿದ್ದಾನೆ. ಆ ಉಕ್ಕು ಕಲ್ಲುಕುಟಿಗರ ಉಳಿಗಳಿಗೆ, ಕತ್ತಿಯ ಅಲಗುಗಳಿಗೆ, ವಾದ್ಯಗಳ ತಂತಿಗಳಿಗೆ ಒದಗುತ್ತಿತ್ತೆಂದು ಅವನು ಹೇಳುವನು. ವೀರನನ್ನು ಕೊಂದ ಅಲಗು, ಅವನ ವೀರಗಲ್ಲನ್ನು ಕೆತ್ತಿದ ಉಳಿ, ಅವನ ಕಥೆಯನ್ನು ಹಾಡುವವನ ತಂತಿ, ಈ ಮೂರೂ ಒಂದೇ ಮೂಸೆಯಿಂದ ಬಂದಿರಬಹುದೆಂಬದನ್ನು ನೆನೆದರೆ ಆ ಉಕ್ಕಿನ ಬೆಲೆಯು ತಿಳಿಯುವದು. ಇಂಗ್ಲಂಡಿನ ಪಂಡಿತರು ಈ ಲೋಹವನ್ನು ವೂಟ್ಜ್ ಎಂದು ಕರೆದರು. ಜಾರ್ಜ್ ಪಿಯರ್ಸನ್ನನು ೧೭೯೫ರಲ್ಲಿ ಅದನ್ನು ಕುರಿತು ರಾಯಲ್ ಸೊಸಾಯಿಟಿಯಲ್ಲಿ ಪ್ರಬಂಧವನ್ನು ಓದಿದನು. ಮೈಕೇಲ್ ಫ್ಯಾರಡೆಯೂ ಅದನ್ನು ಪರೀಕ್ಷಿಸಿದನು. ಆ ಹೆಸರು ಕನ್ನಡದ ಉಕ್ಕು ಎಂಬದರ ಅಪಭ್ರಂಶವೆಂದು ಬಹುಜನರ ಮತವು. ಜಪಾನದ ಉಕ್ಕು ಬಡಿತದಿಂದ ಹದಗೊಂಡದ್ದು, ನಮ್ಮದು ಕರಗಿ ಹದಗೊಂಡದ್ದು. ಇದೇ ಎರಡರ ಮುಖ್ಯ ಭೇದವು.

೫

ಚಿತ್ರಕಥೆಗಳ ವಿಷಯಕ್ಕೆ ಬರುವೆನು. ಅವುಗಳನ್ನು ಬರಿಯ ಹುಡುಗಾಟವೆಂದು ತಳ್ಳಿಹಾಕುವದು ಸಲ್ಲದು. ವತ್ಸುಕಿ ನೊಬುಹಿರೋ ಎಂಬವನು ೧೯೯೪ರಿಂದ ೧೯೯೯ರ ವರೆಗೆ ಬರೆದ ರುರೌನಿ ಕೆನ್‌ಷಿನ್ ಎಂಬ ಕಥೆಯು ೧೮೭೮ರಲ್ಲಿ ನಡೆಯುವದು. ಸಾರ್ವಜನಿಕವಾಗಿ ಕತ್ತಿ ಧರಿಸುವದನ್ನು ಮೇಯಿಜಿ ಸರಕಾರವು ನಿಷೇಧಿಸಿದ್ದು ೧೮೭೬ರಲ್ಲಿ. ಕಥಾನಾಯಕನ ಕತ್ತಿಯ ಅಲಗು ಹೊರಮಗ್ಗುಲಿಗಿರದೆ ಒಳಮಗ್ಗುಲಿಗಿದೆ. ಹಿಂದೆ ಬಹಳ ಜನರನ್ನು ಕೊಂದವನು ಇನ್ನು ಕೊಲ್ಲೆನೆಂದು ಹಿಡಿದ ವ್ರತದ ಗುರುತು ಅದು. ಅಂಥ ಕತ್ತಿಯು ಇತಿಹಾಸದ್ದಲ್ಲ, ಕವಿಕಲ್ಪಿತವಾದದ್ದು. ಆದರೂ ಕತ್ತಿಯ ಕಾಲವು ಮುಗಿದ ಮೇಲೆ ಕತ್ತಿಯವನು ಏನು ಮಾಡಬೇಕೆಂಬ ಪ್ರಶ್ನೆಯು ನಿಜವಾದದ್ದೇ. ಅಸಿಧಾರಾವ್ರತವೆಂಬ ನಮ್ಮ ಮಾತನ್ನು ವಿವರಿಸಬೇಕಾದ ಅಧ್ಯಾಪಕನು ಈ ಕಥೆಯನ್ನು ದೃಷ್ಟಾಂತವಾಗಿ ತರಬಹುದು.

ಗೊತೋಗೆ ಕೊಯೊಹಾರು ಎಂಬ ಲೇಖಕರ ಕಿಮೆತ್ಸು ನೊ ಯಾಯಿಬಾ (೨೦೧೬-೨೦೨೦) ಎಂಬ ಕಥೆಯಲ್ಲಿ ರಾಕ್ಷಸರನ್ನು ಸಂಹರಿಸುವ ಕತ್ತಿಗಳು ಬಿಸಿಲನ್ನು ಹೀರಿದ ಬೆಟ್ಟದ ಮರಳು ಅದಿರುಗಳಿಂದ ಆದವು. ಹಿಡಿದವನಿಗೆ ತಕ್ಕಂತೆ ಅಲಗಿನ ಬಣ್ಣವು ಮಾರ್ಪಡುವದು. ಇದು ಅದ್ಭುತರಸವು. ಆದರೆ ಆ ಕಥೆಯಲ್ಲಿ ಕಂಬಾರನಿಗೆ ಹೆಸರಿದೆ, ಊರಿದೆ, ಸಿಟ್ಟಿದೆ. ತಾನು ಮಾಡಿದ ಕತ್ತಿಯನ್ನು ಮುರಿದುಕೊಂಡು ಬಂದ ವೀರನನ್ನು ಅವನು ಅಟ್ಟಿಸಿಕೊಂಡು ಹೋಗುವನು. ಇದು ಜಪಾನದ ಇತಿಹಾಸಕ್ಕೆ ಅನುಗುಣವಾದದ್ದು. ಅಲ್ಲಿ ಕಂಬಾರನು ಹಿಡಿಯೊಳಗೆ ಮರೆಯಾಗುವ ಭಾಗದಲ್ಲಿ ತನ್ನ ಹೆಸರನ್ನು ಕೊರೆಯುವ ವಾಡಿಕೆಯುಂಟು. ಮಸಮುನೆ, ಮುರಮಸ ಎಂಬ ಕಂಬಾರರ ಹೆಸರುಗಳು ಅನೇಕ ಅರಸರ ಹೆಸರುಗಳಿಗಿಂತ ಹೆಚ್ಚು ಕಾಲ ಬಾಳಿವೆ.

ಮಿಯಾಜಾಕಿ ಹಯಾವೊನ ಮೊನೊನೊಕೆ ಹಿಮೆ ಎಂಬ ೧೯೯೭ರ ಚಿತ್ರವು ಕತ್ತಿಗಿಂತ ಹಿಂದಕ್ಕೆ ಹೋಗಿ, ಕುಲುಮೆಯನ್ನೇ ಕಥೆಯ ನಡುವೆ ಇರಿಸಿದೆ. ಅದರಲ್ಲಿ ಹೆಂಗಸರು ತತಾರಾದ ತಿದಿಗಳನ್ನು ತುಳಿಯುವರು. ಸಂಪ್ರದಾಯದಲ್ಲಿಯಾದರೋ ಕುಲುಮೆಯ ಅಧಿದೇವತೆಯಾದ ಕನಯಗೊ ಹೆಂಗಸರನ್ನು ಸಹಿಸಳೆಂದು ಅವರನ್ನು ಅಲ್ಲಿಗೆ ಬರಗೊಡುತ್ತಿರಲಿಲ್ಲ. ಚಿತ್ರಕಾರನು ಬೇಕೆಂದೇ ಇತಿಹಾಸವನ್ನು ತಿರುಗಿಸಿ, ಎಲ್ಲಿಯೂ ನೆಲೆ ಕಾಣದ ಹೆಂಗಸರಿಗೂ ರೋಗಿಗಳಿಗೂ ಆ ಕಬ್ಬಿಣದೂರಿನಲ್ಲಿ ಅನ್ನವನ್ನು ಕೊಟ್ಟನು. ಅದೇ ಊರು ಕಾಡನ್ನು ಕಡಿದು ಬೆಟ್ಟವನ್ನು ಬೋಳಿಸುವದನ್ನೂ ತೋರಿಸಿದನು. ಕಪ್ಪತಗುಡ್ಡದ ಸೆರಗಿನಲ್ಲಿರುವವರಿಗೆ ಈ ಕಥೆಯು ದೂರದ್ದಲ್ಲ. ಅದಿರಿಗಾಗಿ ಗುಡ್ಡವನ್ನು ಅಗೆಯಬೇಕೋ, ಔಷಧಸಸ್ಯಗಳಿಗಾಗಿಯೂ ನೀರಿಗಾಗಿಯೂ ಉಳಿಸಬೇಕೋ ಎಂಬ ವಿವಾದವು ಇಲ್ಲಿ ವರ್ಷಾನುವರ್ಷ ನಡೆದು, ೨೦೧೯ರಲ್ಲಿ ಗುಡ್ಡವು ವನ್ಯಜೀವಿಧಾಮವೆಂದು ಘೋಷಿಸಲ್ಪಟ್ಟಿತು.

ಚಿತ್ರದಿಂದ ಕಥೆ ಹೇಳುವದು ನಮಗೆ ಹೊಸದೆಂದು ತಿಳಿಯುವದು ತಪ್ಪು. ವೀರಗಲ್ಲು ಎಂಬದು ಚಿತ್ರಕಥೆಯೇ. ಸಾಮಾನ್ಯವಾಗಿ ಅದರಲ್ಲಿ ಮೂರು ಅಂಕಣಗಳು. ಕೆಳಗಿನದರಲ್ಲಿ ಕಾಳಗ ಅಥವಾ ತುರುಗೋಳು. ನಡುವಿನದರಲ್ಲಿ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವದು. ಮೇಲಿನದರಲ್ಲಿ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವದು. ಅಂಕಣಗಳ ನಡುವಿನ ಪಟ್ಟಿಗಳಲ್ಲಿ ಬರಹವು. ಮಾಂಗಾವನ್ನು ಬಲದಿಂದ ಎಡಕ್ಕೆ ಓದುವಂತೆ ಇದರ ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ನಾಯಕನನ್ನು ದೊಡ್ಡದಾಗಿಯೂ ಮಿಕ್ಕವರನ್ನು ಸಣ್ಣದಾಗಿಯೂ ತೋರಿಸುವ ಯುಕ್ತಿಯು ಎರಡಕ್ಕೂ ಸಮಾನ. ಭೇದವು ಒಂದೇ: ಮಾಂಗಾದ ನಾಯಕನು ಬಹುಶಃ ಗೆಲ್ಲುವನು, ವೀರಗಲ್ಲಿನ ನಾಯಕನು ಯಾವಾಗಲೂ ಸತ್ತಿರುವನು. ಊರ ದನಗಳನ್ನು ಬಿಡಿಸಲು, ಹೆಣ್ಣಿನ ಮಾನವನ್ನು ಕಾಯಲು, ಒಡೆಯನಿಗಾಗಿ ಇರಿಯಲು ಹೋಗಿ ಮರಳಿ ಬಾರದವನ ಕಥೆ ಅದು.

ಈ ಕಥೆಗಳಲ್ಲಿ ಮೆಚ್ಚತಕ್ಕವಲ್ಲದವೂ ಇವೆ. ಹಳೇಬೀಡಿನ ಹೊಯ್ಸಳೇಶ್ವರದ ಬಳಿಯ ಗರುಡಸ್ತಂಭದಲ್ಲಿ, ಇಮ್ಮಡಿ ವೀರಬಲ್ಲಾಳನ ಗರುಡನಾದ ಕುವರ ಲಕ್ಷ್ಮನ ಸ್ಮಾರಕವಾಗಿ, ತಮ್ಮ ತಲೆಯನ್ನು ತಾವೇ ಕಡಿದುಕೊಳ್ಳುವ ಭಟರನ್ನು ಕೆತ್ತಿದ್ದಾರೆ. ಒಡೆಯನೊಡನೆ ಸಾಯುವ ಈ ವೇಳೆವಾಳಿತನಕ್ಕೆ ಸಮನಾದ ಜುನ್‌ಷಿ ಎಂಬ ಆಚಾರವು ಜಪಾನದಲ್ಲಿಯೂ ಇತ್ತು; ಅಲ್ಲಿಯ ಪ್ರಭುತ್ವವೇ ೧೬೬೩ರಲ್ಲಿ ಅದನ್ನು ನಿಷೇಧಿಸಿತು. ಕತ್ತಿಯ ಕಥೆಯನ್ನು ಕಲಿಸುವವನು ಶೌರ್ಯವನ್ನು ಹೊಗಳುವಾಗಲೇ ಆ ಶೌರ್ಯವನ್ನು ಯಾರು ಬೇಡಿದರು, ಯಾರು ತೆತ್ತರು ಎಂಬದನ್ನೂ ಕೇಳಿಸಬೇಕು.

೬

ಇನ್ನು, ಜಪಾನದ ಕತ್ತಿಯು ಉಳಿದು ನಮ್ಮದು ಏಕೆ ಮರೆಯಾಯಿತು? ನಿರಾಯುಧೀಕರಣವು ಎರಡು ನಾಡುಗಳಲ್ಲಿಯೂ ನಡೆಯಿತು. ಹಿದೆಯೋಷಿಯು ೧೫೮೮ರಲ್ಲಿ ಒಕ್ಕಲಿಗರಿಂದ ಕತ್ತಿಗಳನ್ನು ಕಸಿದುಕೊಂಡು, ಅವುಗಳನ್ನು ಮಹಾಬುದ್ಧನ ದೇಗುಲದ ಮೊಳೆಗಳಿಗಾಗಿ ಉಪಯೋಗಿಸುವೆನೆಂದು ಸಾರಿದನು. ನಮ್ಮಲ್ಲಿ ೧೮೫೭ರ ನಿಶ್ಶಸ್ತ್ರೀಕರಣದ ಕಾಯಿದೆಯ ಮೇರೆಗೆ ಆಯುಧಗಳನ್ನು ಒಪ್ಪಿಸಬೇಕೆಂದಾಗ ಮುಧೋಳ ಸೀಮೆಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರು ಸುಡಲ್ಪಟ್ಟಿತು, ಅನೇಕರು ಗಲ್ಲಿಗೇರಿದರು. ಅವರ ಲಾವಣಿಯನ್ನು ಸಂಗ್ರಹಿಸಿ ಅಚ್ಚುಹಾಕಿಸಿದ ಫ್ಲೀಟ್ ಪಂಡಿತನೇ ಆತಕೂರಿನ ಶಾಸನವನ್ನೂ ಓದಿ ಪ್ರಕಟಿಸಿದವನು. ಕತ್ತಿ ತೊಳೆದು ಊರು ಕೊಟ್ಟ ಲೇಖವೂ, ಕತ್ತಿ ಕೊಡಲೊಲ್ಲದೆ ಊರು ಕಳೆದುಕೊಂಡವರ ಹಾಡೂ ಒಬ್ಬನ ಕೈಯಿಂದಲೇ ಹಾದುಬಂದುವು. ಮರುವರ್ಷ, ೧೮೫೮ರಲ್ಲಿ, ಮುಂಡರಗಿಯ ಭೀಮರಾಯನು ಬಂಡೆದ್ದು, ಡೋಣಿಗೆ ನೆರೆಯದಾದ ಡಂಬಳದ ಖಜಾನೆಯನ್ನು ಕೊಳ್ಳೆಹೊಡೆದು ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ಮಡಿದನು.

ಜಪಾನದಲ್ಲಿಯಾದರೋ ಕತ್ತಿಯನ್ನು ಕಾಯುವ ಸಂಸ್ಥೆಗಳು ಕತ್ತಿಯ ಅಧಿಕಾರವು ಹೋದ ಮೇಲೆಯೂ ಉಳಿದುವು. ದೇವಾಲಯಗಳು ಹರಕೆಯ ಕತ್ತಿಗಳನ್ನು ಇರಿಸಿಕೊಂಡವು. ಹೊನಾಮಿ ಎಂಬ ಮನೆತನದವರು ತಲೆತಲಾಂತರವಾಗಿ ಕತ್ತಿಗಳನ್ನು ಪರೀಕ್ಷಿಸಿ ಬೆಲೆಕಟ್ಟಿ ಪಟ್ಟಿಗಳನ್ನು ಬರೆದರು. ಎರಡನೆಯ ಮಹಾಯುದ್ಧದ ತರುವಾಯ ಗೆದ್ದವರು ಕತ್ತಿಗಳನ್ನು ವಶಪಡಿಸಿಕೊಳ್ಳುತ್ತಿದ್ದಾಗ, ಅವು ಆಯುಧಗಳಲ್ಲ, ಕಲಾವಸ್ತುಗಳೆಂದು ವಾದಿಸಿ, ೧೯೪೮ರಲ್ಲಿ ಅವುಗಳ ಸಂರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದರು. ಮೇಲೆ ಹೇಳಿದ ೧೯೭೭ರ ತತಾರಾವು ಆ ಸಂಘದ್ದೇ. ಚಿತ್ರಕಥೆಗಳು ಈ ಸಿದ್ಧವಾದ ಭಂಡಾರದಿಂದ ತೆಗೆದುಕೊಂಡವು.

ನಮ್ಮಲ್ಲಿ ಕತ್ತಿಯು ಆಚಾರದಲ್ಲಿ ಅಲ್ಲಲ್ಲಿ ಉಳಿದಿದೆ. ಕೊಡವರು ಒಡಿಕತ್ತಿ, ಪೀಚೆಕತ್ತಿಗಳನ್ನು ಇಟ್ಟುಕೊಂಡಿದ್ದಾರೆ. ಕೈಲ್‌ಪೊಳ್ದಿನಲ್ಲಿ ಆಯುಧಗಳನ್ನು ಪೂಜಿಸುವರು. ಮೈಸೂರಿನ ಅರಮನೆಯಲ್ಲಿ ಪಟ್ಟದ ಕತ್ತಿಗೆ ಆಯುಧಪೂಜೆಯ ದಿನ ಮರ್ಯಾದೆ ಸಲ್ಲುವದು. ಟಿಪ್ಪುವಿನ ಶಯನಗೃಹದ್ದೆಂದು ಹೇಳಲಾದ ಕತ್ತಿಯು ೨೦೨೩ರ ಮೇ ತಿಂಗಳಲ್ಲಿ ಲಂಡನ್ನಿನ ಹರಾಜಿನಲ್ಲಿ ೧ ಕೋಟಿ ೪೦ ಲಕ್ಷ ಪೌಂಡುಗಳಿಗೂ ಮಿಕ್ಕಿ ಮಾರಾಟವಾಯಿತು. ಅರಸನ ಕತ್ತಿಗೆ ಈ ಬೆಲೆಯುಂಟು. ಸಾಮಾನ್ಯ ಭಟನ ಕತ್ತಿಯು ಕುಡುಗೋಲಾಗಿಯೋ ಕುಳವಾಗಿಯೋ ಮರಳಿ ಕುಲುಮೆಗೆ ಹೋಯಿತು.

ಆದರೆ ಆ ಸಾಮಾನ್ಯ ಭಟನ ಹೆಸರು ಹೋಗಲಿಲ್ಲ. ಜಪಾನವು ಕತ್ತಿಯನ್ನೂ ಅದನ್ನು ಮಾಡಿದವನ ಹೆಸರನ್ನೂ ಉಳಿಸಿತು; ಅದರಿಂದ ಸತ್ತವನ ಹೆಸರು ಆ ಕತ್ತಿಯ ಮೇಲಿಲ್ಲ. ಕನ್ನಡನಾಡು ಕತ್ತಿಯನ್ನು ಕಳೆದುಕೊಂಡಿತು, ಕಂಬಾರನನ್ನು ಮರೆಯಿತು. ಆದರೆ ಕತ್ತಿ ಹಿಡಿದು ಸತ್ತ ಒಕ್ಕಲಿಗನ, ದನಗಾಹಿಯ, ಕಾವಲಿನವನ ಹೆಸರನ್ನು ಕಲ್ಲಿನಲ್ಲಿ ಬರೆದು, ಅವನ ಮಕ್ಕಳಿಗೆ ನೆತ್ತರುಗೊಡಗೆಯನ್ನು ಕೊಟ್ಟಿತು. ಎರಡರಲ್ಲಿ ಯಾವದು ಮೇಲೆಂದು ನಿರ್ಣಯಿಸುವದು ನನ್ನ ಉದ್ದೇಶವಲ್ಲ. ಅವರ ಭಂಡಾರವು ಬಹುಮಟ್ಟಿಗೆ ಭದ್ರವಾಗಿದೆ. ನಮ್ಮದು ಮಳೆ ಬಿಸಿಲುಗಳಲ್ಲಿ ನಿಂತಿದೆ. ಬಟ್ಟೆ ಒಗೆಯುವ ಕಲ್ಲಾಗಿ, ಗೋಡೆಯ ತಳಪಾಯವಾಗಿ, ಎಣ್ಣೆ ಸುಣ್ಣಗಳಿಂದ ಅಕ್ಷರ ಮುಚ್ಚಿಹೋದ ದೇವರಾಗಿ ವೀರಗಲ್ಲುಗಳು ಸವೆಯುತ್ತಿವೆ. ಒಂದು ಅಕ್ಷರವು ಭಾಷೆಯಿಂದ ಅಳಿದಾಗ ಕೇಶಿರಾಜನಂಥವನು ಪಟ್ಟಿ ಬರೆದಿಟ್ಟದ್ದರಿಂದ ನಾವು ಇಂದಿಗೂ ಬಾಳನ್ನೂ ಬಾೞನ್ನೂ ಬೇರ್ಪಡಿಸಬಲ್ಲೆವು. ಕಲ್ಲಿನಿಂದ ಅಳಿದ ಹೆಸರಿಗೆ ಅಂಥ ಪಟ್ಟಿಯಿಲ್ಲ.

ಆದುದರಿಂದ ಅಧ್ಯಾಪಕರಲ್ಲಿ ನನ್ನ ವಿಜ್ಞಾಪನೆಯು ಇಷ್ಟೇ. ಹುಡುಗನ ಕೈಯಿಂದ ಮಾಂಗಾವನ್ನು ಕಸಿದುಕೊಳ್ಳಬೇಡಿರಿ. ಅವನು ಅದರಲ್ಲಿ ಅಂಕಣದಿಂದ ಅಂಕಣಕ್ಕೆ ಹೋಗುವದನ್ನು, ಚಿಕ್ಕ ಗೆರೆಯಲ್ಲಿ ದೊಡ್ಡ ಅರ್ಥವನ್ನು ಕಾಣುವದನ್ನು, ಆಯುಧದ ಹೆಸರನ್ನು ತಪ್ಪಿಲ್ಲದೆ ಹೇಳುವದನ್ನು ಆಗಲೇ ಕಲಿತಿದ್ದಾನೆ. ಅಂಥವನನ್ನು ಒಂದು ಭಾನುವಾರ ಊರ ಹೊರಗಿನ ಕಲ್ಲಿನ ಮುಂದೆ ನಿಲ್ಲಿಸಿ, ಕೆಳಗಿನಿಂದ ಮೇಲಕ್ಕೆ ಓದೆಂದು ಹೇಳಿರಿ. ಕಲ್ಲಿನ ಮೇಲಿನ ಮಣ್ಣನ್ನು ಅವನು ಬರಿಯ ನೀರಿನಿಂದ ಮೆಲ್ಲನೆ ತೊಳೆದು, ಕಂಡಷ್ಟನ್ನು ಬರೆದುಕೊಂಡರೆ, ಸಾವಿರ ವರ್ಷಗಳ ಹಿಂದಿನ ಆ ಭಟನಿಗೆ ಸಲ್ಲಬೇಕಾದ ಬಾಳ್ಗೞ್ಚು ಈಗಲಾದರೂ ಸಂದಂತಾಗುವದು.